ಟೊಮೆಟೊ ಪಾತಿಯ ಸೋಪು

ಟೊಮೆಟೊ ಎಲೆಯ ಘಾಟು ಮೂಗಿಗೆ ತಾಗಿದರೆ ಈಗಲೂ ನನಗೆ ಆಲ್ದೂರಿನ ಮನೆಯ ಕಣ ನೆನಪಾಗುತ್ತದೆ. ಕಾಫಿ ಒಣಗಿಸುವ ಆ ಕಣದ ಅಂಚಿಗೆ ಅಮ್ಮ ಪ್ರತಿವರ್ಷ ಟೊಮೆಟೊ ಹಾಕುತ್ತಿದ್ದರು. ಒಂದು ವರ್ಷ ಎಲೆಗಳ ಮೇಲೆ ಹಳದಿ ಮಚ್ಚೆ ಬಿದ್ದು ಕೆಲವು ಗಿಡ ಮುರುಟಿದವು. ಸಸಿ ಮಾರುವವರನ್ನು ಕೇಳಿದರೆ, ಇದು ವೈರಸ್ಸು, ಔಷಧಿಯಿಲ್ಲ, ಕಾಯಿಲೆ ಗಿಡ ಕಿತ್ತು ಸುಡಿ, ಹೊಗೆಸೊಪ್ಪು ಮುಟ್ಟಿದ ಕೈಯಿಂದಲೂ ಅಂಟುತ್ತದೆ ಎಂದರು.

ಮನೆಯಲ್ಲಿ ಎಲೆಅಡಿಕೆಗೆ ಹೊಗೆಸೊಪ್ಪು ಹಾಕುತ್ತಿದ್ದವರು ಅಜ್ಜಿ ಒಬ್ಬರೇ. ತಿಂಗಳಲ್ಲಿ ಮೂರು ದಿನ ಹೊರಗೆ ಕೂರುವ ಸೊಸೆ ಆಗ ಗಿಡಗಳ ಹತ್ತಿರವೂ ಸುಳಿಯಬಾರದೆಂದು ಕಟ್ಟು ಮಾಡಿದ್ದವರೂ ಅವರೇ.

ಅಮ್ಮ ಕಾಯಿಲೆ ಗಿಡಗಳನ್ನು ಸುಟ್ಟು, ಕಣದ ನಲ್ಲಿಯ ಬಳಿ ಒಂದು ಸೋಪು ಇಟ್ಟರು. ಆಮೇಲೆ ತಗ್ಗಿದ ದನಿಯಲ್ಲೇ ಅಜ್ಜಿಗೆ ಹೇಳಿದರು: "ಅತ್ತೆ, ನೀವು ಕೈ ತೊಳೀದೆ ಗಿಡ ಮುಟ್ಬೇಡಿ."

ಅಜ್ಜಿ ಎರಡು ದಿನ ಅಮ್ಮನೊಡನೆ ಮಾತು ಬಿಟ್ಟರು. ನನಗೋ ಒಳಗೊಳಗೇ ಖುಷಿ. ಮೂರನೆಯ ದಿನ ಅಜ್ಜಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಒದ್ದೆ ಕೈಗಳನ್ನು ಅಮ್ಮನ ಮುಂದೆ ಚಾಚಿದರು.

"ಈಗ ಮುಟ್ಟಬಹುದಾ?"

ಅಮ್ಮ ಹೂಂ ಎಂದರು. ನಗಲಿಲ್ಲ.

ಮುಂದಿನ ತಿಂಗಳು ಉಳಿದ ಗಿಡಗಳಲ್ಲಿ ಹಣ್ಣು ತುಂಬಿದಾಗ ಅಮ್ಮ ಹೊರಗೆ ಕೂತಿದ್ದರು. ಅಜ್ಜಿ ಬುಟ್ಟಿ ತಂದು ಅವರ ಕಾಲ ಬಳಿ ಇಟ್ಟರು.

"ಗಿಡಕ್ಕೆ ಸೋಪು ಸಾಕಂತಲ್ಲ ಮಾರಾಯ್ತಿ. ಕೈ ತೊಳ್ಕೊಂಡು ಹೋಗಿ ಕೊಯ್ಯಿ."