ಖಾಲಿ ಹಾಳೆ ಹಿಡಿದ ಸಂಜೆ

ಅಮೆರಿಕದ ರಾಕ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಚೀನಾದವಳು, ನನ್ನದೇ ವಯಸ್ಸು. ನಮಗೆಲ್ಲ ಕೋವಿಡ್ ಬಂದು ಮಲಗಿದಾಗ ಹತ್ತು ದಿನ ಬಾಗಿಲಲ್ಲಿ ಗಂಜಿ ಇಟ್ಟು, ಬೆಲ್ ಒತ್ತಿ ಓಡಿಹೋಗುತ್ತಿದ್ದಳು. ಸ್ವಂತ ತಂಗಿಯೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

2022ರ ಚಳಿಗಾಲದ ಹೊತ್ತಿಗೆ ಇಲ್ಲಿ ಮಾಸ್ಕ್ ಮರೆತೇ ಹೋಗಿತ್ತು. ಅವಳ ಅಮ್ಮನ ಊರಿನಲ್ಲಿ ಮಾತ್ರ ಲಾಕ್‌ಡೌನ್ ಮುಗಿದಿರಲಿಲ್ಲ. ಎಪ್ಪತ್ತು ದಾಟಿದ ಆಕೆ ಒಂಟಿಯಾಗಿದ್ದ ಅಪಾರ್ಟ್‌ಮೆಂಟಿನ ಗೇಟಿಗೆ ಸರ್ಕಾರದವರು ಬೀಗ ಜಡಿದು ಎರಡು ತಿಂಗಳಾಗಿತ್ತು. ಫೋನಿನಲ್ಲಿ ಅಮ್ಮ "ಎಲ್ಲ ಚೆನ್ನಾಗಿದೆ" ಎನ್ನುತ್ತಿದ್ದರಂತೆ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಭಯ ಅಮ್ಮ ಮಗಳಿಬ್ಬರಿಗೂ.

ಅಲ್ಲಿನ ಜನ ಬೀದಿಗಿಳಿದು ಬರಿಯ ಬಿಳಿ ಹಾಳೆ ಎತ್ತಿ ಹಿಡಿಯತೊಡಗಿದರು. ಬರೆಯದ ಮಾತಿಗೆ ಕೇಸು ಹಾಕುವುದು ಹೇಗೆ? ವಾಷಿಂಗ್ಟನ್ ಡಿ.ಸಿ.ಯಲ್ಲೂ ಅಂಥದೊಂದು ಸಭೆ ಎಂದು ತಿಳಿದಾಗ ಅವಳು ನನ್ನನ್ನು ಕರೆದಳು. ಫೋಟೊದಲ್ಲಿ ಅವಳ ಮುಖ ಸಿಕ್ಕರೆ ಚೀನಾದಲ್ಲಿ ಪೊಲೀಸರು ಅಮ್ಮನ ಬಾಗಿಲು ಬಡಿಯುತ್ತಾರೆ. ಒಬ್ಬಳೇ ಹೋಗಲು ಧೈರ್ಯವಿರಲಿಲ್ಲ.

"ಗ್ರೀನ್ ಕಾರ್ಡ್ ಬರೋವರೆಗೂ ಪ್ರೊಟೆಸ್ಟ್ ಗಿಟೆಸ್ಟ್ ಎಲ್ಲಾ ಯಾಕೆ ಬೇಕು ನಿಂಗೆ?" ಎಂದರು ನನ್ನವರು.

"ಅವಳ ಗಂಜಿ ಕುಡಿಯೋವಾಗ ಈ ಮಾತು ಬಂದಿರ್ಲಿಲ್ವಲ್ಲ!" ಎಂದೆ. ತೆಪ್ಪಗೆ ಕಾರು ತೆಗೆದು ನಮ್ಮಿಬ್ಬರನ್ನೂ ಮೆಟ್ರೋ ಸ್ಟೇಷನ್‌ಗೆ ಬಿಟ್ಟುಬಂದರು.

ಹಾಳೆ ತರುವ ಕೆಲಸ ನನ್ನದಾಗಿತ್ತು. ರೈಲಿನಲ್ಲಿ ಚೀಲದಿಂದ ತೆಗೆದು ಕೊಟ್ಟರೆ ಅವಳ ಮುಖ ಬಿಳುಚಿಕೊಂಡಿತು. ಎರಡೂ ಹಾಳೆಗಳ ನೆತ್ತಿಯ ಮೇಲೆ, ನಟ್ಟನಡುವೆ, ಅಚ್ಚುಕಟ್ಟಾಗಿ "ಶ್ರೀ"! ಸಾಮಾನಿನ ಚೀಟಿಗೂ ಶ್ರೀ ಹಾಕದೆ ಮುಂದಕ್ಕೆ ಹೋಗದ ಕೈ ನನ್ನದು. ಯಾವಾಗ ಪೆನ್ನು ಎತ್ತಿಕೊಂಡೆನೋ, ದೇವರಾಣೆ ನೆನಪಿಲ್ಲ.

"ಏನಿದು?" ಎಂದಳು ಇಂಗ್ಲಿಷಿನಲ್ಲಿ.

"ಏನೇ ಬರೆಯೋ ಮುಂಚೆ ನಾವು ಇದನ್ನ ಬರೀತೀವಿ. ಒಳ್ಳೇದಾಗಲಿ ಅಂತ."

"ಆಮೇಲೆ?"

"ಆಮೇಲೆ ವಿಷಯ."

"ವಿಷಯ ಬರೆದಿಲ್ಲ ತಾನೇ?" ಎಂದು ನಕ್ಕಳು. ಆ ನಗು ಕಂಡು ಎಷ್ಟೋ ವಾರಗಳಾಗಿದ್ದವು.

ಸಭೆಯಲ್ಲಿ ಶ್ರೀ ನಮ್ಮ ಕಡೆಗೆ ಬರುವಂತೆ ಹಾಳೆ ತಿರುಗಿಸಿ ಹಿಡಿದೆವು. ಅವಳು ಟೋಪಿ, ಮಾಸ್ಕ್, ಕಪ್ಪು ಕನ್ನಡಕ ಎಲ್ಲ ಹಾಕಿದ್ದಳು. ಯಾರೋ ಒಬ್ಬ ಫೋನ್ ಹಿಡಿದು ಒಂದೊಂದೇ ಮುಖದ ಫೋಟೊ ತೆಗೆಯುತ್ತಾ ಬಂದಾಗ ನನ್ನ ಕೋಟು ಹಿಡಿದು ಹಿಂದೆ ಸರಿದಳು. ನಾನು ಅಡ್ಡ ನಿಂತೆ. ಅಗಲಕ್ಕೇನೂ ದೇವರು ನನಗೆ ಕಡಿಮೆ ಮಾಡಿಲ್ಲ. ಅವನು ಮುಂದಕ್ಕೆ ಹೋಗುವವರೆಗೂ ಅವಳು ನನ್ನ ಬೆನ್ನ ಹಿಂದೆಯೇ ಇದ್ದಳು.

ಮರುದಿನ ಬೆಳಿಗ್ಗೆ ಅವಳು ಫೋನ್ ಹಿಡಿದು ನಮ್ಮ ಅಡುಗೆಮನೆಗೆ ಓಡಿಬಂದಳು. ಅಮ್ಮನಿಗೆ ಏನೋ ಆಗಿಯೇ ಹೋಯಿತು ಎಂದುಕೊಂಡು ಒಲೆ ಆರಿಸಿದೆ. ಅವಳ ಊರಿನಿಂದ ಯಾರೋ ಕಳಿಸಿದ ವಿಡಿಯೊ ಅದು. ಗೇಟಿನ ಒಳಗೆ ಜನ ಗುಂಪುಗೂಡಿ, ಬೀಗ ತೆಗೆಯಿರಿ ಎಂದು ಕೂಗುತ್ತಿದ್ದರಂತೆ. ಎಲ್ಲರಿಗಿಂತ ಮುಂದೆ ಗಿಡ್ಡಗಿನ ಒಬ್ಬ ಮುದುಕಿ ಎರಡೂ ಕೈಯಿಂದ ಸರಳು ಹಿಡಿದು ಗೇಟನ್ನು ಅಲ್ಲಾಡಿಸುತ್ತಿದ್ದಳು. ಮಾಸ್ಕ್ ಗಲ್ಲದ ಕೆಳಗೆ ಜಾರಿತ್ತು, ಮುಖವೆಲ್ಲ ಕಾಣುತ್ತಿತ್ತು.

"ನಮ್ಮಮ್ಮ," ಎಂದಳು ಅವಳು.