ಶುಕ್ರವಾರದ ಗುಡ್ಡ

ಸೊಪ್ಪಿನ ಕಟ್ಟಿನಿಂದ ಹಿಡಿದು ಅಂಗಡಿಯ ಅಡ್ವಾನ್ಸಿನವರೆಗೆ, ಚೌಕಾಸಿ ಮಾಡದೆ ನಾನು ಕೊಂಡದ್ದು ಏನೂ ಇಲ್ಲ. ಜೋಗುಪಾಳ್ಯದಲ್ಲಿ ಇಂಟರ್‌ನೆಟ್ ವ್ಯಾಪಾರ ಶುರು ಮಾಡಿದಾಗಲೂ ಹಾಗೇ. ಇಂದಿರಾನಗರದ ಒಂದು ಕಂಪನಿಯಿಂದ ಸಗಟಾಗಿ ಕೊಳ್ಳೋದು, ನನ್ನ ಅಂಗಡಿಯಿಂದ ತಂತಿ ಎಳೆದು ಸುತ್ತಲ ಮನೆಗಳಿಗೆ ಹಂಚೋದು. ಡೈರಿ ಹಾಲನ್ನು ಮನೆಮನೆಗೆ ಹಾಕುವವರ ಕೆಲಸಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ.

ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯಿಂದ ಬಂದು ಒಂದೊಂದು ರೂಮಿನಲ್ಲಿ ಸಂಸಾರ ಮಾಡುವವರು. ಮೂರು ವರ್ಷ ರೇಟು ಏರಿಸೋಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಬರೀ ಮಾತಲ್ಲ, ಶಟರ್ ಮೇಲೆ ಪೇಂಟಿನಲ್ಲಿ ಬರೆಸಿದ್ದೆ. ಎರಡನೇ ವರ್ಷಕ್ಕೇ ಆ ಪೇಂಟು ಅಳಿಸುವ ಹೊತ್ತು ಬಂತು.

ಕಂಪನಿಯ ಜೊತೆ ನನ್ನ ಒಪ್ಪಂದ ಇಷ್ಟೇ: ಇಷ್ಟು ವೇಗಕ್ಕೆ ತಿಂಗಳಿಗೆ ಇಷ್ಟು ದುಡ್ಡು, ಯಾವ ದಿನ ಬಳಕೆ ಆ ಮಿತಿ ದಾಟುತ್ತೋ ಆ ದಿನಕ್ಕೆ ಮೇಲೆ ಒಂದಿಷ್ಟು. ಮೂರು ತಿಂಗಳು ಸತತವಾಗಿ ಆ 'ಮೇಲೆ ಒಂದಿಷ್ಟು' ಬಂತು. ಆಮೇಲೆ ಒಂದು ಪತ್ರ: ನಿಮ್ಮ ಬಳಕೆ ಜಾಸ್ತಿಯಾಗಿದೆ, ಮುಂದಿನ ತಿಂಗಳಿಂದ ದೊಡ್ಡ ಪ್ಲಾನಿಗೆ ಬರತಕ್ಕದ್ದು. ದೊಡ್ಡ ಪ್ಲಾನು ಅಂದರೆ ರೇಟು ಏರಿಸಲೇಬೇಕು. ಏರಿಸಿದರೆ ನನ್ನ ಗಿರಾಕಿಗಳಲ್ಲಿ ಅರ್ಧ ಜನ ಬಿಟ್ಟು ಹೋಗ್ತಾರೆ, ಉಳಿದರ್ಧ ಶಟರ್ ತೋರಿಸಿ ನಗ್ತಾರೆ.

ಬಿಲ್ಲಿಂಗ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ.

"ಶುಕ್ರವಾರ ಶುಕ್ರವಾರ ಜಾಸ್ತಿ ಆಗ್ತಿದೆ ಮೇಡಂ. ಹೊಸ ಸಿನಿಮಾ ಬರೋ ದಿನ ನೋಡಿ."

"ಎಷ್ಟು ಗಂಟೆಗೆ ಸಾರ್?"

"ಗಂಟೆ ಎಲ್ಲ ಬಿಲ್ಲಲ್ಲಿ ಬರಲ್ಲ."

"ಬಿಲ್ಲಲ್ಲಿ ಇದ್ದಿದ್ರೆ ನಿಮ್ಮನ್ನ ಯಾಕೆ ಕೇಳ್ತಿದ್ದೆ? ಹುಡುಕಿ ಕಳ್ಸಿ."

ಮೂರು ಸಲ ಫೋನ್ ಮಾಡಿದ ಮೇಲೆ ಮೊಬೈಲಿಗೆ ಒಂದು ಶುಕ್ರವಾರದ ಬಳಕೆಯ ಗೆರೆಚಿತ್ರ ಬಂತು. ದಿನವಿಡೀ ಬಯಲಿನ ಹಾಗೆ ಸಣ್ಣಪುಟ್ಟ ಏರಿಳಿತ, ಮಧ್ಯೆ ಒಂದೇ ಒಂದು ಚೂಪು ಗುಡ್ಡ. ಬೆಳಿಗ್ಗೆ ಆರೂ ನಲವತ್ತಕ್ಕೆ. ಹಿಂದಿನ ಶುಕ್ರವಾರಗಳಲ್ಲೂ ಹೆಚ್ಚುಕಡಿಮೆ ಅದೇ ಹೊತ್ತು. ನಿಮಗೂ ಹೇಳ್ತೀನಿ, ಯಾವ ಬಿಲ್ಲೇ ಬರಲಿ, ದಿನ ಕೇಳಿ ಸುಮ್ಮನಾಗಬೇಡಿ. ಗಂಟೆ ಕೇಳಿ.

ನನ್ನ ತಂತಿ ಕೆಲಸವೆಲ್ಲ ನೋಡಿಕೊಳ್ಳುವವರು ಶಿವಾಜಿನಗರದವರು, ಹತ್ತು ವರ್ಷದಿಂದ ಜೊತೆಗಿದ್ದಾರೆ. ನಾನು ಭಾಯ್ ಅಂತೀನಿ. ಅವರು ಚಿತ್ರ ನೋಡಿ ನಕ್ಕರು. "ಆರೂ ನಲವತ್ತಕ್ಕೆ ನಮ್ಮ ಗಿರಾಕಿಗಳು ನಲ್ಲಿ ಮುಂದೆ ಕೊಡ ಇಟ್ಕೊಂಡು ಜಗಳ ಆಡ್ತಿರ್ತಾರೆ ಅಕ್ಕ. ಸಿನಿಮಾ ಅಲ್ಲೇ ನಡೀತಿರುತ್ತೆ."

"ಮತ್ತೆ ಆ ಹೊತ್ತಲ್ಲಿ ಅಂಗಡೀಲಿರೋ ಈ ಇಂಟರ್‌ನೆಟ್ ಡಬ್ಬಗಳ ಹತ್ರ ಯಾರಿರ್ತಾರೆ?"

ಭಾಯ್ ಡಬ್ಬದ ಮೇಲಿದ್ದ ಕುಂಕುಮದ ಬೊಟ್ಟಿನ ಕಡೆ ಕಣ್ಣು ಹಾಯಿಸಿದರು, ಆಮೇಲೆ ನನ್ನನ್ನೇ ನೋಡುತ್ತಾ ನಿಂತರು.

ಪ್ರತಿ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಅಂಗಡಿ ತೆಗೆದ ಕೂಡಲೇ ನಾನು ಪೂಜೆ ಮಾಡ್ತೀನಿ. ಅನ್ನ ಕೊಡುವ ಯಂತ್ರಗಳಿಗೆ ಅರಿಶಿನ ಕುಂಕುಮ ಇಡದೆ ವ್ಯಾಪಾರ ಶುರು ಮಾಡೋದು ಹೇಗೆ? ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಮೂರ್ನಾಲ್ಕು ತಿಂಗಳ ಹಿಂದೆ ಒಮ್ಮೆ ಶಾಕ್ ಹೊಡೆದಿತ್ತು. ಅಂದಿನಿಂದ ಮೇನ್ ಸ್ವಿಚ್ ಆರಿಸಿ, ಒರೆಸಿ, ಬೊಟ್ಟಿಟ್ಟು, ಮತ್ತೆ ಹಾಕೋದು ರೂಢಿ. ಎರಡು ನಿಮಿಷದ ಕೆಲಸ. ಇಂಟರ್‌ನೆಟ್ ಬಂದು ಸೇರುವ ಕಂಪನಿಯ ಡಬ್ಬವೂ ಅದೇ ಸ್ವಿಚ್ಚಿಗೆ ಸೇರಿದ್ದು.

ಆರಿಸಿದರೆ ಬಳಕೆ ಇಳಿಯಬೇಕು ತಾನೇ, ಏರೋದು ಹೇಗೆ? ಅದು ನನಗೆ ಹೊಳೆಯಲಿಲ್ಲ. ಆದರೆ ಗುಡ್ಡ ಹುಟ್ಟೋದು ನನ್ನ ಕೈಯಿಂದಲೇ ಅನ್ನೋದು ಖಾತ್ರಿಯಾಯಿತು. ತೊಂದರೆ ಏನೆಂದರೆ, ಕಂಪನಿಯ ಡಬ್ಬವನ್ನು ಆರಿಸಬಾರದು ಎಂದು ಒಪ್ಪಂದದಲ್ಲೇ ಇತ್ತು. ಹೇಳಿದರೆ ಅವರ ಕೈಗೆ ನನ್ನ ಜುಟ್ಟು. ಹೇಳದಿದ್ದರೆ ದೊಡ್ಡ ಪ್ಲಾನು. ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣಿನವರಿಂದ ನಾನು ಕಲಿತ ಒಂದು ಪಾಠ ಇದೆ: ನಿಮ್ಮ ಹಣ್ಣಿನ ಕಪ್ಪು ಚುಕ್ಕೆಯನ್ನು ನೀವೇ ಮೊದಲು ತೋರಿಸಿ. ಗಿರಾಕಿ ಆಮೇಲೆ ಬೇರೆ ಚುಕ್ಕೆ ಹುಡುಕೋಲ್ಲ.

ಬುಧವಾರ ಇಂದಿರಾನಗರಕ್ಕೆ ನಡೆದುಕೊಂಡೇ ಹೋದೆ. ಬಿಲ್ಲಿಂಗಿನವರು ಪಕ್ಕದಲ್ಲಿ ಒಬ್ಬ ಇಂಜಿನಿಯರ್ ಹುಡುಗಿಯನ್ನು ಕೂರಿಸಿಕೊಂಡಿದ್ದರು. ಪೂಜೆಯ ವಿಷಯ, ಸ್ವಿಚ್ಚಿನ ವಿಷಯ ನಾನೇ ಹೇಳಿದೆ. ಬಿಲ್ಲಿಂಗಿನವರ ಮುಖ ಅರಳಿತು. "ಅದು ರೂಲ್ಸಿಗೆ ವಿರುದ್ಧ ಮೇಡಂ."

"ಹೌದು ಸಾರ್, ತಪ್ಪೇ. ಈಗ ಒಂದು ಐದು ನಿಮಿಷ ನನ್ನ ಬಳಕೆಯ ಗೆರೆ ಪರದೆ ಮೇಲೆ ತೆಗೆದು ಇಡಿ."

ಅಲ್ಲಿಂದಲೇ ಭಾಯ್‌ಗೆ ಫೋನ್ ಮಾಡಿದೆ. "ಆರ್ಸಿ. ಎರಡು ನಿಮಿಷ ಬಿಟ್ಟು ಹಾಕಿ."

"ಗಿರಾಕಿಗಳು ಬೈದ್ರೆ ನಿಮ್ ನಂಬರೇ ಕೊಡ್ತೀನಿ ಅಕ್ಕ."

ಮೂವರೂ ಪರದೆ ನೋಡುತ್ತಾ ಕೂತೆವು. ಗೆರೆ ಒಂದಷ್ಟು ಹೊತ್ತು ಅಲ್ಲಾಡಲಿಲ್ಲ. ಆಮೇಲೆ ನೆಟ್ಟಗೆ ಮೇಲಕ್ಕೆ ಹೋಗಿ ಚೂಪು ಗುಡ್ಡವಾಗಿ ನಿಂತಿತು.

"ಇವತ್ತು ಬುಧವಾರ ಸಾರ್," ಅಂದೆ. "ಯಾವ ಸಿನಿಮಾ ಬಂದಿದೆ?"

ಇಂಜಿನಿಯರ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಂತರ ಅವಳೇ ಬಿಡಿಸಿ ಹೇಳಿದಳು. ಡಬ್ಬದೊಳಗೆ ಬಳಕೆ ಎಣಿಸುವ ಮೀಟರೊಂದಿದೆ. ಐದು ನಿಮಿಷಕ್ಕೊಮ್ಮೆ ಇವರ ಲೆಕ್ಕದ ಕಂಪ್ಯೂಟರ್ ಅದನ್ನು ಓದಿ, ಹಿಂದಿನ ಅಂಕಿ ಕಳೆಯುತ್ತೆ; ಉಳಿದದ್ದೇ ಬಳಕೆ. ಡಬ್ಬ ಆರಿ ಹತ್ತಿದರೆ ಮೀಟರ್ ಸೊನ್ನೆಯಿಂದ ಶುರು. ಇವರ ಲೆಕ್ಕಕ್ಕೆ ಅದು ಗೊತ್ತಾಗೋಲ್ಲ. ಮೀಟರ್ ಪೂರ್ತಿ ತುಂಬಿ, ಒಂದು ಸುತ್ತು ಮುಗಿಸಿ ಸೊನ್ನೆಗೆ ಬಂದಿದೆ ಅಂದುಕೊಂಡು, ಉಳಿದ ಸುತ್ತನ್ನೂ ಬಳಕೆಗೆ ಸೇರಿಸಿಬಿಡುತ್ತೆ.

"ಅಂದ್ರೆ ನನ್ನ ಸ್ಕೂಟರಿಗೆ ಹೊಸ ಮೀಟರ್ ಹಾಕ್ಸಿದ್ರೆ, ಒಂದೇ ದಿನದಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸ್ದೆ ಅಂತ ಪೆಟ್ರೋಲ್ ದುಡ್ಡು ಕೇಳೋ ಹಾಗೆ."

"ಹಾಗೇ ಆಂಟಿ," ಅಂದಳು.

ಸ್ವಿಚ್ ಆರಿಸಿದ ತಪ್ಪು ನನ್ನದು, ಇಲ್ಲದ ಗುಡ್ಡಕ್ಕೆ ಬಿಲ್ಲು ಹಾಕಿದ ತಪ್ಪು ಅವರದು. ಎರಡನ್ನೂ ಮೇಜಿನ ಮೇಲೆ ಇಟ್ಟು ತೂಗಿದೆ. ಕಾಫಿ ತರಿಸಿದರು, ಕುಡಿದೆ, ಕಾಫಿಗೆ ಕರಗಲಿಲ್ಲ. ಏಳುವ ಹೊತ್ತಿಗೆ ಮೂರು ತಿಂಗಳ ಹೆಚ್ಚುವರಿ ವಾಪಸು, ದೊಡ್ಡ ಪ್ಲಾನಿನ ಪತ್ರ ರದ್ದು. ಬಾಯಿಮಾತು ಬೇಡ ಎಂದು ಅಲ್ಲೇ ಬರೆಸಿ, ಸೀಲು ಹೊಡೆಸಿಕೊಂಡೆ.

ವಾರ ಕಳೆದು ಆ ಹುಡುಗಿ ಫೋನ್ ಮಾಡಿದ್ದಳು. ಕೆ.ಆರ್. ಪುರದ ಕಡೆ ಕರೆಂಟು ಹೋಗಿ ಬರುವ ಏರಿಯಾಗಳಲ್ಲಿ ನನ್ನಂಥ ಸಣ್ಣ ಅಂಗಡಿಗಳ ಲೆಕ್ಕದಲ್ಲೂ ಇಂಥ ಗುಡ್ಡಗಳು ಸಿಕ್ಕವಂತೆ, ಎಲ್ಲ ಕೆಡವಿದರಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆವತ್ತು ಅಂಗಡಿಯಲ್ಲಿ ಸ್ವಲ್ಪ ನೆಟ್ಟಗೇ ಕೂತಿದ್ದೆ.

ಪೂಜೆ ನಿಂತಿಲ್ಲ. ಕಂಪನಿಯ ಡಬ್ಬಕ್ಕೆ ಭಾಯ್ ಬೇರೆ ಸ್ವಿಚ್ ಹಾಕಿಕೊಟ್ಟಿದ್ದಾರೆ. ಅದಕ್ಕೆ ಒಣಬಟ್ಟೆ, ಒಂದು ಬೊಟ್ಟು, ಅಷ್ಟೇ.

ಮೊನ್ನೆ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ತಿಂಗಳ ದುಡ್ಡು ಕೊಡಲು ಬಂದು, ಶಟರ್ ಓದಿ, ನನ್ನನ್ನೇ ದಬಾಯಿಸಿದಳು. "ಎರಡು ವರ್ಷ ಆತು ಅಕ್ಕ, ಅದೇ ರೇಟು ಹಿಡ್ಕೊಂಡು ಕುಂತೀರಲ್ಲ. ಒಂದೀಟು ಇಳಸ್ರಿ."

ಇಳಿಸಲಿಲ್ಲ. ಆದರೆ ಕೇಳಿದ ಅವಳ ವರಸೆ ನನಗೆ ಬಹಳ ಹಿಡಿಸಿತು.