ತನ್ವಿ ಹೇಳಿದ್ದಲ್ಲ

ಆ ಮಗು ಯಾರಿಗೂ ಏನನ್ನೂ ಹೇಳಿರಲಿಲ್ಲ. ಹೇಳಿದವಳು ನಾನು. ತಪ್ಪು ಆ ಮಗುವಿನ ತಲೆಗೆ ಬಂದಾಗ ಪಕ್ಕದಲ್ಲೇ ಕೂತು ಸುಮ್ಮನಿದ್ದವಳೂ ನಾನೇ.

ನಾನು ಅಂಕೋಲೆಯವಳು. ಈಗ ಕಾರವಾರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಶಿರವಾಡದಲ್ಲಿ ಬಾಡಿಗೆ ಮನೆ. ಹುಡುಗಿಯರು ಕೆಲವೊಮ್ಮೆ ಸ್ಟಾಫ್ ರೂಮಿಗೆ ಬಂದು, ದನಿ ತಗ್ಗಿಸಿ, ‘ಮೇಡಂ, ಇದನ್ನ ಯಾರಿಗೂ ಹೇಳಬೇಡಿ’ ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. ನನ್ನ ಆ ‘ಇಲ್ಲ’ಕ್ಕೆ ಎಷ್ಟು ಬೆಲೆಯೆಂದು ಅವರಿಗೆ ಹೇಗೆ ಗೊತ್ತಾಗಬೇಕು.

ಕಡಲಜೀವಿಗಳ ಬಗ್ಗೆ ಹೆಚ್ಚಿನ ಓದಿಗೆಂದು ಐರ್ಲೆಂಡಿಗೆ ಹೋಗಿದ್ದೆ. ಬಂದರಿನ ಒಂದು ಸಣ್ಣ ಊರು. ಅಲ್ಲಿ, ಗಂಡಂದಿರ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗೂ ಅವರ ಮಕ್ಕಳಿಗೂ ಒಂದು ಆಶ್ರಯದ ಮನೆಯಿತ್ತು. ಹೊರಗೆ ಬೋರ್ಡು ಇರಲಿಲ್ಲ. ಶನಿವಾರ ಮಧ್ಯಾಹ್ನ ಮಕ್ಕಳ ಜೊತೆ ಆಡಲು, ಓದಿಸಲು ನಾನು ಹೋಗುತ್ತಿದ್ದೆ. ಸಂಬಳವಿಲ್ಲದ ಕೆಲಸ. ಮನೆಯ ಮೇಲ್ವಿಚಾರಕಿ ನೋರಾ ಮೊದಲ ದಿನವೇ ಕೂರಿಸಿ ಹೇಳಿದ್ದರು — ಮಕ್ಕಳ ಫೋಟೋ ತೆಗೆಯಬಾರದು, ಯಾರಿದ್ದಾರೆಂದು ಹೊರಗೆ ಬಾಯಿ ಬಿಡಬಾರದು. ನಾನು ತಲೆಯಾಡಿಸಿದ್ದೆ. ಅಷ್ಟು ಸುಲಭದ ಮಾತು ಯಾರಿಗೆ ಅರ್ಥವಾಗುವುದಿಲ್ಲ!

ಒಂದು ಶನಿವಾರ ಒಳಗೆ ಕಾಲಿಟ್ಟರೆ, ಅಂಗಳದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಗೊಂಬೆಗೆ ಕೊಂಕಣಿಯಲ್ಲಿ ಬೈಯುತ್ತಿದ್ದಳು. ನಮ್ಮ ಕಾರವಾರದ ಕೊಂಕಣಿ, ಅದೇ ಎಳೆತ. ನನಗೆ ಕಣ್ಣು ತುಂಬಿ ಬಂತು. ಅವಳೇ ತನ್ವಿ. ತಾಯಿ ರೇಷ್ಮಾ — ಅಂಕೋಲೆ ಕಡಲಬದಿಯ ಮೀನುಗಾರರ ಮನೆಯ ಮಗಳು, ಕಾರವಾರದ ಹತ್ತಿರದ ಬಿಣಗಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡನಿಗೆ ಡಬ್ಲಿನ್ನಿನಲ್ಲಿ ಹಡಗು ರಿಪೇರಿಯ ಕೆಲಸ. ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮಗಳ ಕೈ ಹಿಡಿದು ಅವಳು ಹೊರಟು ಬಂದಿದ್ದಳು. ತವರಿಗೂ ಊರಿನ ಹೆಸರು ಹೇಳಿರಲಿಲ್ಲ. ‘ಅಣ್ಣನಿಗೆ ಹೇಳಿದ್ರೆ ಅಂವ ಸಿಟ್ಟಲ್ಲಿ ನನ್ನ ಗಂಡಂಗೇ ಫೋನ್ ಮಾಡ್ತಾ’ ಎಂದಿದ್ದಳು.

ತನ್ವಿ ಚೆನ್ನಾಗಿ ಹಾಡುತ್ತಿದ್ದಳು. ಒಂದು ದಿನ ಶಾಲೆಯ ಹಸಿರು ಸ್ವೆಟರು ತೊಟ್ಟು ನನ್ನ ಮಡಿಲಲ್ಲಿ ಕೂತು, ಅಜ್ಜಿ ಕಲಿಸಿದ ಹಾಡೊಂದನ್ನು ಹೇಳುತ್ತಿದ್ದಾಗ ನಾನು ಮೊಬೈಲ್ ಎತ್ತಿ ವಿಡಿಯೋ ಮಾಡಿದೆ. ಊರಿನ ನೆನಪಾಯಿತು, ಅದಕ್ಕೇ ಎಂದು ಬರೆಯಬಹುದಿತ್ತು. ಆದರೆ — ಅಷ್ಟೇ ಅಲ್ಲ. ನಾನಿಲ್ಲಿ ಎಂಥ ಪುಣ್ಯದ ಕೆಲಸ ಮಾಡುತ್ತಿದ್ದೇನೆ, ಮನೆಯವರು ನೋಡಲಿ ಎಂಬ ಆಸೆ. ಅಮ್ಮನಿಗೆ ಕಳಿಸಿದೆ.

ಮುಂದಿನ ವಾರ ಅಮ್ಮನ ಫೋನು.

‘ಎಷ್ಟ್ ಚಂದ ಹಾಡ್ತದ್ಯೇ ಮಗಾ ಅದು! ನಮ್ಮ ಗ್ರೂಪಿಗೆ ಹಾಕ್ದೆ. ಎಲ್ಲೆಲ್ಲಿಗೋ ಹೋಗ್ಯದೆ. ಬಿಣಗಾದವ್ರು ಯಾರೋ ಫೋನ್ ಮಾಡಿ ಕೇಳಿದ್ರು, ಯಾವ ಊರು ಅಂತ. ನೀ ಓದೂ ಊರಿನ ಹೆಸರು ಹೇಳ್ದೆ.’

ಬಿಣಗಾ ರೇಷ್ಮಾಳ ಗಂಡನ ಊರು. ಅಳಿಸಿಬಿಡು ಎಂದೆ. ಯಾಕೆ ಎಂದು ಅಮ್ಮ ಕೇಳಿದಳು, ಸುಮ್ಮನೆ ಎಂದೆ. ನನ್ನ ಮೊಬೈಲಿನಿಂದಲೂ ಅಳಿಸಿದೆ.

ಆಗಲೇ ನೋರಾರ ಬಳಿ ಓಡಿ ಹೋಗಿ ಹೇಳಿದ್ದರೆ, ತಾಯಿ ಮಗಳಿಬ್ಬರನ್ನೂ ಅದೇ ಸಂಜೆ ಬೇರೆ ಊರಿಗೆ ಸಾಗಿಸುತ್ತಿದ್ದರು. ನನಗೆ ಗೊತ್ತಿತ್ತು. ನನ್ನನ್ನು ಅಲ್ಲಿಂದ ಹೊರಗೆ ಹಾಕಿದರೆ? ವಿಶ್ವವಿದ್ಯಾಲಯಕ್ಕೆ ತಿಳಿದರೆ? — ಇದೇ ಯೋಚನೆ. ಬಿಣಗಾದವರು ಯಾರೋ ಕೇಳಿದರೆಂದ ಮಾತ್ರಕ್ಕೆ ಅವನಿಗೇ ಯಾಕೆ ಮುಟ್ಟಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ಶನಿವಾರ ಹೋಗಿ ಮಕ್ಕಳಿಗೆ ಕಾಗದದ ದೋಣಿ ಮಾಡಿಕೊಟ್ಟೆ. ರೇಷ್ಮಾ ಚಹಾ ತಂದುಕೊಟ್ಟಳು. ಕುಡಿದೆ.

ಅವನು ಬಂದ. ಊರು ಗೊತ್ತಾಗಿತ್ತು, ಶಾಲೆಯನ್ನು ಆ ಸ್ವೆಟರಿನ ಬಣ್ಣವೇ ತೋರಿಸಿರಬೇಕು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತಿದ್ದನಂತೆ. ತನ್ವಿ ‘ಪಪ್ಪಾ’ ಎಂದು ಕುಣಿದು ಓಡಿದಳಂತೆ — ಮಗುವಿಗೆ ಅಪ್ಪ ಅಪ್ಪನೇ ಅಲ್ಲವೇ. ಅವಳನ್ನು ಕಾರಿನಲ್ಲಿ ಕೂರಿಸುತ್ತಿದ್ದಾಗ ರೇಷ್ಮಾ ಬಂದಳು. ಅವನು ಅವಳ ತೋಳು ತಿರುಚಿ ಗೋಡೆಗೆ ನೂಕಿದ. ಮೂಳೆ ಮುರಿಯಿತು. ಶಾಲೆಯವರು ಓಡಿ ಬಂದರು, ಪೊಲೀಸರು ಬಂದು ಅವನನ್ನು ಹಿಡಿದರು. ತನ್ವಿ ಕಾರಿನ ಕಿಟಕಿಯೊಳಗಿಂದ ಎಲ್ಲ ನೋಡಿದಳು.

ಮರುದಿನ ನೋರಾ ನನಗೆ ಫೋನ್ ಮಾಡಿದರು. ಮಗು ಬೆದರಿ ಇಂಗ್ಲಿಷ್ ಬಿಟ್ಟಿದೆ, ಕೊಂಕಣಿಯಲ್ಲಷ್ಟೇ ಮಾತಾಡುತ್ತಿದೆ, ತಾಯಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ನೀನು ಬಂದು ಅರ್ಥ ಹೇಳಬೇಕು ಎಂದರು. ಹೋದೆ.

ಅಡಿಗೆಮನೆಯ ಉದ್ದನೆಯ ಮೇಜು. ಒಂದು ಬದಿಗೆ ನೋರಾ. ಎದುರಿಗೆ ಪ್ಲಾಸ್ಟರ್ ಹಾಕಿದ ಕೈಯ ರೇಷ್ಮಾ. ನಡುವೆ ತನ್ವಿ, ಅವಳ ಪಕ್ಕ ನಾನು. ನೋರಾ ಮೆಲ್ಲಗೇ ಕೇಳಿದರು — ಅಪ್ಪನಿಗೆ ನೀನು ಫೋನ್ ಮಾಡಿದ್ದೆಯಾ ಪುಟ್ಟೀ? ಯಾರೂ ಬೈಯುವುದಿಲ್ಲ. ನಾನು ಅದನ್ನು ಕೊಂಕಣಿಯಲ್ಲಿ ಹೇಳಿದೆ.

‘ಹಾಂವೆ ಸಾಂಗೂಂಕ ನಾ’ ಎಂದಳು ತನ್ವಿ. ನಾನು ಹೇಳಲಿಲ್ಲ.

ಮತ್ತೊಮ್ಮೆ ಕೇಳಿದರು. ನಾನು ಮತ್ತೆ ಅನುವಾದಿಸಿದೆ. ಅವಳು ಮತ್ತೆ ಇಲ್ಲವೆಂದಳು. ಆಗ ರೇಷ್ಮಾ, ಒಮ್ಮೆಯೂ ಮಗಳ ಮೇಲೆ ಕೈಯೆತ್ತದಿದ್ದ ರೇಷ್ಮಾ, ಪೆಟ್ಟಾಗದ ಕೈಯಲ್ಲಿ ಅವಳ ಭುಜ ಹಿಡಿದು ಅಲುಗಿಸಿದಳು. ‘ಮತ್ತೆ ಅಂವಂಗೆ ಹೆಂಗೆ ಗೊತ್ತಾತು? ಹೇಳು! ನೀ ಅಲ್ದಿದ್ರೆ ಯಾರು?’ — ಸಿಟ್ಟಿನಲ್ಲಿ ತನ್ನ ತವರಿನ ಕನ್ನಡದಲ್ಲೇ ಕೂಗಿದಳು.

ಯಾರು. ಉತ್ತರ ನನ್ನ ನಾಲಿಗೆಯ ಮೇಲಿತ್ತು. ತನ್ವಿ ನನ್ನ ಕಡೆ ತಿರುಗಿದಳು. ಹೇಳಿದವಳು ನಾನೆಂದು ಗೊತ್ತಿದ್ದು ನೋಡಿದ್ದಲ್ಲ, ಅಲ್ಲಿ ಅವಳ ಪರವಾಗಿ ಇದ್ದವಳು ನಾನೊಬ್ಬಳೇ ಎಂದು ನೋಡಿದ್ದು. ನಾನು ಮೇಜನ್ನು ನೋಡಿದೆ.

ಆಗ ಅವಳು, ಬಹಳ ಸಣ್ಣ ದನಿಯಲ್ಲಿ, ‘ವ್ಹಯ್’ ಅಂದಳು. ಹೌದು.

ನೋರಾ ನನ್ನ ಮುಖ ನೋಡಿದರು. ‘ಹೌದು ಅನ್ನುತ್ತಿದ್ದಾಳೆ’ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಅವರನ್ನು ಬೇರೆ ಊರಿಗೆ ಕಳಿಸಿದರು. ನಾನು ಓದು ಮುಗಿಸಿ ಬಂದೆ, ಕೆಲಸ ಸಿಕ್ಕಿತು. ಮರೆತೆ ಎಂದರೆ ಸುಳ್ಳು — ಮರೆತವಳಂತೆ ಬದುಕಲು ಬರುತ್ತಿತ್ತು. ಕಳೆದ ವರ್ಷ ಕಾರವಾರದಿಂದ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವಳು ರೇಷ್ಮಾ. ನನ್ನ ಕೈ ಹಿಡಿದುಕೊಂಡೇ ಅಂಕೋಲೆಯವರೆಗೂ ಮಾತಾಡಿದಳು. ಗಂಡನಿಂದ ಬಿಡುಗಡೆಯಾಗಿದೆ, ಸದಾಶಿವಗಡದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ತನ್ವಿ ಪಿಯುಸಿ.

‘ಹುಡ್ಗಿ ಮಾತೇ ಕಮ್ಮಿ’ ಎಂದಳು. ‘ಏನಾರೂ ಹೇಳುಕೆ ಹೋದ್ರೆ, “ನಂಗೆ ಹೇಳಬೇಡ ಆಯೀ, ನನ್ನ ಬಾಯಲ್ಲಿ ನಿಲ್ಲುದಿಲ್ಲ” ಅಂತದೆ. ಆಗ ಸಣ್ಣದಿತ್ತು, ಅದ್ಕೇನ್ ಗೊತ್ತು? ನಾ ಯಾವಾಗ್ಲೋ ಕ್ಷಮಿಸ್ದೆ.’

ನನ್ನ ತಪ್ಪಿಗೆ ಕ್ಷಮೆ ಆ ಹುಡುಗಿಗೆ ಸಿಕ್ಕಿತ್ತು. ಅವಳಿಗೆ ನಿಜ ಹೇಳದೆಯೇ ನಾನು ಅಂಕೋಲೆಯಲ್ಲಿ ಇಳಿದೆ. ಆಮೇಲೂ ಎಷ್ಟೋ ಸಲ ಸದಾಶಿವಗಡದ ದಾರಿಯ ಕಾಳಿ ಸೇತುವೆಯವರೆಗೆ ಹೋಗಿ ವಾಪಸು ಬಂದಿದ್ದೇನೆ. ಕೊನೆಗೂ ದಾಟಿದ್ದು ಮೊನ್ನೆ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ತನ್ವಿ ರವಿಕೆಗೆ ಹುಕ್ಕು ಹಚ್ಚುತ್ತಿದ್ದಳು. ಕೂರುವ ಮೊದಲೇ ಹೇಳಿಬಿಟ್ಟೆ: ವಿಡಿಯೋ, ಅಮ್ಮನ ಫೋನು, ಬಿಣಗಾದವರು, ಆ ಮೇಜು. ರೇಷ್ಮಾ ಹೊಲಿಗೆ ಮಷಿನ್ನಿನ ಮೇಲೆ ಕೈಯೂರಿ ನಿಂತಳು. ಮಾತಾಡಿದವಳು ತನ್ವಿ.

‘ಇಲ್ಲ ಅಕ್ಕಾ. ನಾನೇ ಹೇಳಿದ್ದು. ನಂಗೆ ನೆನಪದೆ. ಮೆಟ್ಟಿಲ ಹತ್ರ ಕೆಂಪು ಫೋನ್ ಇತ್ತಲಾ, ಅದ್ರಲ್ಲಿ ಪಪ್ಪಂಗೆ ಮಾಡ್ದೆ.’

ಆ ಮನೆಯಲ್ಲಿ ಕೆಂಪು ಫೋನು ಇರಲಿಲ್ಲ. ಮೆಟ್ಟಿಲ ಹತ್ತಿರ ಯಾವ ಫೋನೂ ಇರಲಿಲ್ಲ. ನಾನು ಹಾಗೆಂದೆ. ರೇಷ್ಮಾ ಮಗಳ ಮುಖವನ್ನೇ ನೋಡುತ್ತ, ಹೌದು, ಇರಲಿಲ್ಲ ಎಂದಳು. ಆಮೇಲೆ ನನ್ನ ಕಡೆ ತಿರುಗದೆಯೇ, ‘ನನ್ನ ತವರಲ್ಲಿ ಎಲ್ಲರಿಗೂ ಇವಳೇ ಹೇಳಿದ್ದು ಅಂತ ಗೊತ್ತು. ಅಣ್ಣ, ಅತ್ತಿಗೆ, ಆಯಿ — ಇವತ್ತಿಗೂ ಇವಳೆದುರು ಮಾತು ನಿಲ್ಲಸ್ತಾರೆ. ಭಾನುವಾರ ಇವಳನ್ನ ಕರ್ಕೊಂಡು ಹೋಗ್ತೆ, ಅಲ್ಲಿಗೆ ಬಂದು ಹೇಳು’ ಎಂದಳು.

‘ಬರ್ತೆ’ ಎಂದೆ.

‘ಈಗ ಹೋಗು.’

ನಾಳೆ ಭಾನುವಾರ. ಮೊದಲು ನಮ್ಮ ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕು. ಅವಳಿಗೆ ಇಂದಿನವರೆಗೂ ಏನೂ ಗೊತ್ತಿಲ್ಲ. ಆಮೇಲೆ ರೇಷ್ಮಾಳ ತವರಿಗೆ. ಅವರೆಲ್ಲ ಏನೆನ್ನುತ್ತಾರೋ ಅನ್ನಲಿ. ನನಗಿರುವ ಭಯ ಅದಲ್ಲ. ನಾನು ಎಲ್ಲರೆದುರು ಹೇಳಿ ಮುಗಿಸಿದ ಮೇಲೂ ತನ್ವಿ ಆ ಕೆಂಪು ಫೋನನ್ನೇ ಕಾಣುತ್ತಿದ್ದರೆ? ನಾಳೆ ಅವಳು ನಂಬದಿದ್ದರೆ ಮತ್ತೆ ಹೋಗುತ್ತೇನೆ. ಒಳಗೆ ಬರಬೇಡವೆಂದರೆ ಬಾಗಿಲಲ್ಲಿ ನಿಂತು ಹೇಳುತ್ತೇನೆ — ನೀನು ಹೇಳಲಿಲ್ಲ ತನ್ವಿ, ಇಲ್ಲ ಎಂದು ಮೊದಲು ಅಂದೆಯಲ್ಲ, ಅದೇ ನಿಜ.